‘ಕಂಟ್ರಿ ರೋಡ್ಸ್’ ಬರೆದ ಹೆಣ್ಣುಮಗಳ ಹೆಸರು ಗೊತ್ತಾ? ಅಮೆರಿಕದ ಜನಪದ, ಕಂಟ್ರಿ ಗಾಯಕಿಯರನ್ನು ಕೇಳೋಕೆ ಒಂದು ದಾರಿ

ಸಕಲೇಶಪುರದ ಕಡೆ ಯಾವುದಾದರೂ ಹೋಂಸ್ಟೇಗೆ ಹೋಗಿ, ರಾತ್ರಿ ಬೆಂಕಿ ಹಾಕಿಕೊಂಡು ಕೂತಾಗ ಯಾರೋ ಒಬ್ಬರು ಗಿಟಾರ್ ತೆಗೆದರೆ ಸಾಕು, ‘ಟೇಕ್ ಮೀ ಹೋಮ್, ಕಂಟ್ರಿ ರೋಡ್ಸ್’ ಬಂದೇ ಬರುತ್ತದೆ. ಇಂಗ್ಲಿಷ್ ಹಾಡು ಕೇಳದವರಿಗೂ ಅದರ ಪಲ್ಲವಿ ಬಾಯಿಗೆ ಬರುತ್ತದೆ. ಜಾನ್ ಡೆನ್ವರ್ ಹಾಡು ಅಂತ ಎಲ್ಲರಿಗೂ ಗೊತ್ತು. ಆದರೆ 1971ರ ಆ ಹಾಡನ್ನು ಬರೆದವರು ಮೂವರು. ಡೆನ್ವರ್ ಒಬ್ಬರು, ಬಿಲ್ ಡ್ಯಾನಾಫ್ ಇನ್ನೊಬ್ಬರು, ಮೂರನೆಯವರು ಟ್ಯಾಫಿ ನಿವರ್ಟ್ ಅನ್ನುವ ಹೆಣ್ಣುಮಗಳು. ಆ ರೆಕಾರ್ಡಿನಲ್ಲಿ ಡೆನ್ವರ್ ದನಿಯ ಹಿಂದೆ ಕೇಳುವ ದನಿಗಳಲ್ಲಿ ಅವರದ್ದೂ ಇದೆ. ನಾನು ಈ ಹಾಡನ್ನು ಹದಿನೈದು ವರ್ಷ ಹಾಡಿದ ಮೇಲೆ ಅವರ ಹೆಸರು ನನ್ನ ಕಣ್ಣಿಗೆ ಬಿತ್ತು. ಅವತ್ತು ನಿಜಕ್ಕೂ ಬೇಜಾರಾಯಿತು.

ಅಲ್ಲಿಂದ ನಾನು ಹುಡುಕುತ್ತಾ ಹೋದೆ. ಅಮೆರಿಕದ ಜನಪದ ಮತ್ತು ಅಲ್ಲಿನ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ತುಂಬಾ ಇಂಥ ಹೆಂಗಸರು ಇದ್ದಾರೆ. ಹಾಡು ಊರೆಲ್ಲಾ ಸುತ್ತಿದೆ, ಹೆಸರು ಮನೆಯಲ್ಲೇ ಉಳಿದಿದೆ. ನಿಮಗೂ ಕೇಳಬೇಕು ಅನ್ನಿಸಿ ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ, ನಾನು ನಡೆದ ದಾರಿಯನ್ನೇ ಇಲ್ಲಿ ಹೇಳುತ್ತೇನೆ. ಗಿಟಾರ್ ಬರಬೇಕಿಲ್ಲ, ಇಂಗ್ಲಿಷ್ ತುಂಬಾ ಚೆನ್ನಾಗಿರಬೇಕಂತಲೂ ಇಲ್ಲ. ಒಂದು ಫೋನು, ಒಂದು ಇಯರ್‌ಫೋನು, ಒಂದು ನೋಟ್‌ಬುಕ್ಕು ಸಾಕು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಹಾಡಿದವರು ಯಾರು? ಕಟ್ಟಿದವರು ಯಾರು? ಯಾರ ಹೆಸರಲ್ಲಿ ಅಚ್ಚಾಯಿತು? ಪ್ರತಿ ಹಾಡಿಗೂ ಈ ಮೂರನ್ನು ಕೇಳಿ. ಎಷ್ಟೋ ಸಲ ಮೂರಕ್ಕೂ ಬೇರೆ ಬೇರೆ ಉತ್ತರ ಸಿಗುತ್ತದೆ.

1. ಒಬ್ಬರಿಂದ ಶುರು ಮಾಡಿ, ಒಂದು ವಾರ ಅವರ ಜೊತೆಗೇ ಇರಿ

ನಾನು ಮೊದಲು ಮಾಡಿದ ತಪ್ಪು ಏನಂದರೆ ಇಪ್ಪತ್ತು ಹೆಸರಿನ ಪಟ್ಟಿ ಹಿಡಿದು ಒಂದೇ ರಾತ್ರಿ ಎಲ್ಲರನ್ನೂ ಕೇಳೋಕೆ ಕೂತದ್ದು. ಬೆಳಿಗ್ಗೆ ಎದ್ದಾಗ ಒಂದು ದನಿಯೂ ನೆನಪಿರಲಿಲ್ಲ. ಹಾಗೆ ಮಾಡಬೇಡಿ. ಎಲಿಜಬೆತ್ ಕಾಟನ್ ಒಬ್ಬರನ್ನೇ ಹಿಡಿಯಿರಿ.

ಕಾಟನ್ ಹುಟ್ಟಿದ್ದು 1893ರಲ್ಲಿ, ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್ ಹತ್ತಿರ, ಒಂದು ಕಪ್ಪು ಕುಟುಂಬದಲ್ಲಿ. ಎಡಗೈಯವರು. ಅಣ್ಣನ ಬ್ಯಾಂಜೊ ಕದ್ದು ನುಡಿಸಿ ಕಲಿತರು. ಅದು ಅಣ್ಣನದ್ದು, ತಂತಿ ಬಿಚ್ಚಿ ತನಗೆ ಬೇಕಾದ ಹಾಗೆ ಕಟ್ಟುವಂತಿಲ್ಲ, ಅದಕ್ಕೆ ವಾದ್ಯವನ್ನೇ ತಲೆಕೆಳಗು ಹಿಡಿದರು. ಆಮೇಲೆ ಮನೆಗೆಲಸ ಮಾಡಿ ದುಡ್ಡು ಕೂಡಿಸಿ 3.75 ಡಾಲರ್ ಕೊಟ್ಟು ಸ್ವಂತ ಗಿಟಾರ್ ಕೊಂಡಾಗಲೂ ಅದೇ ಅಭ್ಯಾಸ ಮುಂದುವರಿಯಿತು. ‘ಫ್ರೈಟ್ ಟ್ರೇನ್’ ಹಾಡು ಕಟ್ಟಿದಾಗ ಇನ್ನೂ ಹನ್ನೊಂದು ಹನ್ನೆರಡರ ಹುಡುಗಿ. ಮನೆ ಹತ್ತಿರ ಹಾದುಹೋಗುತ್ತಿದ್ದ ಗೂಡ್ಸ್ ರೈಲಿನ ಹಾಡು ಅದು.

ಆಮೇಲೆ ಮದುವೆ, ಮಗು, ಚರ್ಚಿನವರ ಬುದ್ಧಿಮಾತು. ದಶಕಗಳ ಕಾಲ ಗಿಟಾರ್ ಮುಟ್ಟಲಿಲ್ಲ. ವಾಷಿಂಗ್ಟನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾಗ, ದಾರಿ ತಪ್ಪಿದ ಒಂದು ಮಗುವನ್ನು ತಾಯಿಯ ಹತ್ತಿರ ಸೇರಿಸಿದರು. ಆ ಮಗು ಪೆಗ್ಗಿ ಸೀಗರ್, ತಾಯಿ ಸಂಗೀತ ಸಂಯೋಜಕಿ ರೂತ್ ಕ್ರಾಫರ್ಡ್ ಸೀಗರ್. ಮುಂದೆ ಕಾಟನ್ ಅದೇ ಮನೆಗೆ ಅಡುಗೆ, ಮನೆಗೆಲಸಕ್ಕೆ ಸೇರಿದರು. ಗೋಡೆಗೆ ನೇತುಹಾಕಿದ್ದ ಗಿಟಾರ್ ಒಂದು ದಿನ ಕೈಗೆ ಬಂತು. ಅಷ್ಟು ವರ್ಷ ಆದಮೇಲೂ ಬೆರಳು ಮರೆತಿರಲಿಲ್ಲ. ಆ ಮನೆಯ ಮಗ ಮೈಕ್ ಸೀಗರ್ ಟೇಪ್ ಮಾಡಿಕೊಂಡರು, 1958ರಲ್ಲಿ ಫೋಕ್‌ವೇಸ್ ಕಂಪನಿ ಮೊದಲ ಆಲ್ಬಮ್ ತಂದಿತು. ಆಗ ಕಾಟನ್‌ಗೆ ಅರವತ್ತು ದಾಟಿತ್ತು. ಗ್ರ್ಯಾಮಿ ಪ್ರಶಸ್ತಿ ಬಂದಾಗ ತೊಂಬತ್ತೂ ದಾಟಿತ್ತು.

ಈಗ ಮೂರನೇ ಪ್ರಶ್ನೆಗೆ ಬನ್ನಿ. ಪೆಗ್ಗಿ ದೊಡ್ಡವಳಾಗಿ ಇಂಗ್ಲೆಂಡಿಗೆ ಹೋದಾಗ ಈ ಹಾಡನ್ನು ಅಲ್ಲಿ ಹಾಡಿದರು. ಅಲ್ಲಿ ಇಬ್ಬರು ಗಂಡಸರು ಅದನ್ನು ತಮ್ಮ ಹೆಸರಲ್ಲಿ ನೋಂದಾಯಿಸಿಕೊಂಡರು. 1957ರಲ್ಲಿ ಅದು ಬ್ರಿಟನ್ನಿನಲ್ಲಿ ದೊಡ್ಡ ಹಿಟ್. ಹಾಡು ಕಟ್ಟಿದವರು ಆಗ ವಾಷಿಂಗ್ಟನ್ನಿನಲ್ಲಿ ಇನ್ನೊಬ್ಬರ ಮನೆಯ ಕೆಲಸ ಮಾಡುತ್ತಿದ್ದರು. ಸೀಗರ್ ಕುಟುಂಬ ಬೆನ್ನಿಗೆ ನಿಂತ ಮೇಲೆ ಕಾಟನ್ ಹೆಸರು ಆ ಹಾಡಿಗೆ ವಾಪಸ್ ಬಂತು.

ಕೇಳುವ ಕ್ರಮ ಹೀಗೆ. ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ದನಿ ಬಿಟ್ಟು ಗಿಟಾರ್ ಮಾತ್ರ ಕೇಳಿ. ಒಂದೇ ಗಿಟಾರು, ಆದರೆ ಇಬ್ಬರು ನುಡಿಸುತ್ತಿದ್ದಾರೆ ಅನ್ನಿಸುತ್ತದೆ. ಮೂರನೇ ಸಲ ವಿಡಿಯೊ ನೋಡಿ. 1960ರ ದಶಕದಲ್ಲಿ ಅದೇ ಕುಟುಂಬದ ಜನಪದ ಗಾಯಕ ಪೀಟ್ ಸೀಗರ್ ನಡೆಸುತ್ತಿದ್ದ ಟಿವಿ ಕಾರ್ಯಕ್ರಮದ ಕಪ್ಪು ಬಿಳುಪು ತುಣುಕು ಯೂಟ್ಯೂಬಿನಲ್ಲಿದೆ. ಬಲಗೈ ಬಿಡಿ, ಎಡಗೈ ನೋಡಿ. ಗಿಟಾರ್ ತಲೆಕೆಳಗಾದ್ದರಿಂದ ದಪ್ಪ ತಂತಿಗಳು ಕೆಳಗೆ, ನೆಲದ ಕಡೆ ಇವೆ. ಸಣ್ಣ ತಂತಿಗಳು ಮೇಲೆ. ಎಲ್ಲರೂ ಹೆಬ್ಬೆರಳಲ್ಲಿ ದಪ್ಪ ತಂತಿ ಮೀಟಿದರೆ ಇವರು ಅದನ್ನು ಬೆರಳಲ್ಲಿ ಮೀಟುತ್ತಾರೆ, ಹಾಡಿನ ಧಾಟಿಯನ್ನು ಹೆಬ್ಬೆರಳಲ್ಲಿ ತೆಗೆಯುತ್ತಾರೆ. ನಿಮ್ಮ ಮನೆಯಲ್ಲಿ ಗಿಟಾರ್ ಇದ್ದರೆ ಒಂದೇ ಒಂದು ನಿಮಿಷ ತಿರುಗಿಸಿ ಹಿಡಿದು ನೋಡಿ. ನಾನು ಹಿಡಿದು ನೋಡಿದೆ. ಒಂದು ಸಾಲು ಕೂಡ ಬರಲಿಲ್ಲ, ಹೆಬ್ಬೆರಳಿಗೆ ಅಷ್ಟು ಹಗುರಾಗಿ ಓಡುವ ಅಭ್ಯಾಸವೇ ಇಲ್ಲ. ಇವತ್ತು ಈ ಶೈಲಿಯನ್ನು ಅವರ ಹೆಸರಲ್ಲೇ ‘ಕಾಟನ್ ಪಿಕಿಂಗ್’ ಅಂತ ಕರೆಯುತ್ತಾರೆ.

2. ಕಿವಿಯನ್ನು ಒಗ್ಗಿಸಿಕೊಳ್ಳಿ

ಎರಡನೇ ವಾರ ಹೇಜಲ್ ಡಿಕನ್ಸ್. ಮೊದಲೇ ಹೇಳಿಬಿಡುತ್ತೇನೆ, ಮೊದಲ ಸಲ ಕೇಳಿದಾಗ ನಿಮಗೆ ಆಫ್ ಮಾಡಬೇಕು ಅನ್ನಿಸಬಹುದು. ದನಿಯಲ್ಲಿ ನಯ ಇಲ್ಲ, ಬಳುಕು ಇಲ್ಲ. ನೇರವಾಗಿ, ಸ್ವಲ್ಪ ಮೂಗಿನಿಂದ, ಬೆಟ್ಟದ ಆಚೆಗೆ ಕೇಳಿಸಬೇಕು ಅನ್ನುವ ಹಾಗೆ ಬರುತ್ತದೆ. ಸಿನಿಮಾ ಹಾಡಿಗೆ ಒಗ್ಗಿದ ಕಿವಿಗೆ ಇದು ಒರಟು. ಮದುವೆ ಮನೆಯಲ್ಲಿ ಮೈಕಿಲ್ಲದೆ ಸೋಬಾನೆ ಹೇಳುವ ಅಜ್ಜಿಯರನ್ನು ಕೇಳಿದ್ದರೆ ನಿಮಗೆ ಬೇಗ ಹಿಡಿಸುತ್ತದೆ. ಅಲ್ಲೂ ದನಿ ಅಂಗಳ ದಾಟಬೇಕು, ಹಿತವಾಗಿರಬೇಕು ಅನ್ನೋದು ಆಮೇಲಿನ ಮಾತು.

ಹೇಜಲ್ ವೆಸ್ಟ್ ವರ್ಜೀನಿಯಾದವರು. ಹನ್ನೊಂದು ಮಕ್ಕಳ ಮನೆ, ಕಲ್ಲಿದ್ದಲು ಗಣಿಯ ಸೀಮೆ. 1950ರ ದಶಕದಲ್ಲಿ ಬಾಲ್ಟಿಮೋರ್ ನಗರಕ್ಕೆ ಬಂದು ಫ್ಯಾಕ್ಟರಿಯಲ್ಲಿ ದುಡಿದರು. ಅಲ್ಲಿಂದ ಆಲಿಸ್ ಜೆರಾರ್ಡ್ ಜೊತೆ ಸೇರಿ 1965ರಲ್ಲಿ ಒಂದು ಬ್ಲೂಗ್ರಾಸ್ ಆಲ್ಬಮ್ ತಂದರು. ಬ್ಲೂಗ್ರಾಸ್ ಅಂದರೆ ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್ ಇರುವ, ವೇಗದ ಸಂಗೀತ. ಆಗ ಅದು ಹೆಚ್ಚುಕಡಿಮೆ ಪೂರ್ತಿ ಗಂಡಸರ ಕೂಟ. ಇಬ್ಬರು ಹೆಂಗಸರು ಮುಂದೆ ನಿಂತು, ಒಬ್ಬರ ದನಿಗೆ ಇನ್ನೊಬ್ಬರು ಒತ್ತುಕೊಟ್ಟು ಹಾಡಿದ ಆ ಆಲ್ಬಮ್ ಆಮೇಲಿನ ಎಷ್ಟೋ ಗಾಯಕಿಯರಿಗೆ ದಾರಿಯಾಯಿತು.

ಅವರ ‘ಬ್ಲ್ಯಾಕ್ ಲಂಗ್’ ಹಾಡನ್ನು ಅಡುಗೆ ಮಾಡುತ್ತಾ ಕೇಳಬೇಡಿ. ಕೂತು ಕೇಳಿ. ಕಲ್ಲಿದ್ದಲಿನ ಧೂಳು ವರ್ಷಗಟ್ಟಲೆ ಉಸಿರಿನ ಜೊತೆ ಒಳಗೆ ಹೋಗಿ ಶ್ವಾಸಕೋಶದಲ್ಲಿ ಕೂತು, ಅದು ಗಟ್ಟಿಯಾಗಿ, ಮನುಷ್ಯ ಉಸಿರಿಗೆ ಒದ್ದಾಡುವ ರೋಗ ಅದು. ಹೇಜಲ್ ಅವರ ಅಣ್ಣ ಅದರಲ್ಲೇ ತೀರಿಕೊಂಡರು, ಹಾಡು ಆ ಅಣ್ಣನ ಬಗ್ಗೆಯೇ. ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಬಂದವರ ಮನೆಗಳು ನಮ್ಮಲ್ಲೂ ಇವೆ, ಆ ಮನೆಯವರಿಗೆ ಈ ಹಾಡಿನ ಅರ್ಥ ಹೇಳಬೇಕಾಗಿಲ್ಲ. ಹೇಜಲ್ ಇದನ್ನು ವಾದ್ಯವೇ ಇಲ್ಲದೆ ಬರೀ ದನಿಯಲ್ಲಿ ಹಾಡಿದ್ದೂ ಇದೆ. ಸಾಲು ಮತ್ತು ಸಾಲಿನ ನಡುವೆ ಅವರು ಉಸಿರು ತೆಗೆದುಕೊಳ್ಳುವ ಜಾಗ ಗಮನಿಸಿ. ಉಸಿರು ಸಿಗದೆ ಸತ್ತವನ ಬಗ್ಗೆ ಹಾಡುವಾಗ ಆ ಉಸಿರೇ ಹಾಡಿನ ಭಾಗವಾಗಿಬಿಡುತ್ತದೆ.

ಮೂರು ಸಲ ಕೇಳಿ. ಮೂರನೇ ಸಲಕ್ಕೂ ಹಿಡಿಸದಿದ್ದರೆ ಬಿಡಿ, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ.

3. ಆಲ್ಬಮ್ಮಿನ ಹಿಂಬದಿ ಓದಿ

ಇದು ನನಗೆ ಅತ್ಯಂತ ಇಷ್ಟವಾದ ಹೆಜ್ಜೆ. ಹಳೆಯ ರೆಕಾರ್ಡುಗಳ ಜೊತೆ ಒಂದು ಪುಸ್ತಿಕೆ ಬರುತ್ತಿತ್ತು. ಗಾಯಕಿ ಯಾರು, ಹಾಡು ಎಲ್ಲಿ ಕಲಿತರು, ಸಾಹಿತ್ಯ ಏನು, ಎಲ್ಲಾ ಅದರಲ್ಲಿ ಇರುತ್ತಿತ್ತು. ಮೋಸಸ್ ಆಶ್ 1948ರಲ್ಲಿ ಶುರು ಮಾಡಿದ ಫೋಕ್‌ವೇಸ್ ಕಂಪನಿ 2,168 ಆಲ್ಬಮ್ ತಂದಿತ್ತು. 1987ರಲ್ಲಿ ಅಮೆರಿಕದ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆ ಅದನ್ನು ಕೊಂಡಾಗ, ಒಂದು ಆಲ್ಬಮ್ಮೂ ಸಿಗದ ಹಾಗೆ ಆಗಬಾರದು ಅನ್ನೋದು ಷರತ್ತು. ಇವತ್ತಿಗೂ ಅವರ ವೆಬ್‌ಸೈಟಿಗೆ ಹೋಗಿ ಗಾಯಕಿಯ ಹೆಸರು ಹಾಕಿ ಹುಡುಕಿದರೆ ಆಲ್ಬಮ್ಮಿನ ಪುಟದಲ್ಲಿ ಆ ಪುಸ್ತಿಕೆಯ ಪಿಡಿಎಫ್ ಇರುತ್ತದೆ. ಉಚಿತ. ಇಳಿಸಿಕೊಳ್ಳಿ, ಹಾಡು ಹಾಕಿಕೊಂಡು ಅದನ್ನು ಓದಿ. ಉಚ್ಚಾರ ಅರ್ಥವಾಗದ ಕಡೆ ಸಾಹಿತ್ಯ ಕಣ್ಣ ಮುಂದಿದ್ದರೆ ಅರ್ಧ ಕಷ್ಟ ಕಡಿಮೆ.

ಹೀಗೆ ಕಂತು ಕಂತಾಗಿ ಓದುತ್ತಾ ಹೋದರೆ ಹೆಸರಿನ ಕಥೆಗಳು ಒಂದೊಂದಾಗಿ ಸಿಗುತ್ತವೆ. ಜೀನ್ ರಿಚಿ ಅವರದ್ದನ್ನೇ ನೋಡಿ. ಕೆಂಟಕಿಯ ವೈಪರ್ ಅನ್ನುವ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದರು, ಹದಿನಾಲ್ಕು ಮಕ್ಕಳಲ್ಲಿ ಕೊನೆಯವರು. ಮಡಿಲಲ್ಲಿ ಇಟ್ಟುಕೊಂಡು ನುಡಿಸುವ ಡಲ್ಸಿಮರ್ ಅನ್ನುವ ವಾದ್ಯವನ್ನು ನ್ಯೂಯಾರ್ಕಿನವರೆಗೆ ಒಯ್ದು ಎಲ್ಲರಿಗೂ ಪರಿಚಯಿಸಿದವರು. ಮನೆಯ ಹಾಡುಗಳ ಮೂಲ ಹುಡುಕಿಕೊಂಡು 1952ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಬ್ರಿಟನ್, ಐರ್ಲೆಂಡ್ ಸುತ್ತಿದರು. ಇಷ್ಟು ದೊಡ್ಡ ಕಲಾವಿದೆ ಕಲ್ಲಿದ್ದಲು ಕಂಪನಿಗಳ ವಿರುದ್ಧದ ಹಾಡುಗಳನ್ನು ಬರೆದಾಗ ತಮ್ಮ ಹೆಸರು ಹಾಕಲಿಲ್ಲ. ತಾತನ ಹೆಸರು ಹಾಕಿದರು, ‘ಥ್ಯಾನ್ ಹಾಲ್’ ಅಂತ. ರಾಜಕೀಯದ ಗೋಜು ಬೇಡ ಅನ್ನುವ ತಾಯಿಗೆ ನೋವಾಗಬಾರದು ಅಂತ ಒಂದು, ಗಂಡಸು ಬರೆದದ್ದು ಅಂದರೆ ಜನ ಕಿವಿಗೊಡುತ್ತಾರೆ ಅಂತ ಇನ್ನೊಂದು. ಗಣಿ ಮುಚ್ಚಿ ರೈಲು ನಿಲ್ಲದೇ ಹೋದ ಊರಿನ ಬಗ್ಗೆ ಬರೆದ ಅವರ ‘ದಿ ಎಲ್ ಆ್ಯಂಡ್ ಎನ್ ಡೋಂಟ್ ಸ್ಟಾಪ್ ಹಿಯರ್ ಎನಿಮೋರ್’ ಹಾಡನ್ನು ಹೆಸರಾಂತ ಕಂಟ್ರಿ ಗಾಯಕ ಜಾನಿ ಕ್ಯಾಶ್ ಕೂಡ ಹಾಡಿದ್ದಾರೆ. ಮೊದಲು ರಿಚಿ ಅವರ ದನಿಯಲ್ಲಿ ಕೇಳಿ, ಆಮೇಲೆ ಕ್ಯಾಶ್. ಈ ಕ್ರಮ ತಪ್ಪಿಸಬೇಡಿ.

ಕಾರ್ಟರ್ ಫ್ಯಾಮಿಲಿಯನ್ನೂ ಇದೇ ಕಣ್ಣಲ್ಲಿ ನೋಡಿ. ಹೆಸರು ದೊಡ್ಡದು, ಮರೆತವರೇನಲ್ಲ. 1927ರ ಆಗಸ್ಟಿನಲ್ಲಿ ಟೆನೆಸಿ, ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿಗೆ ಮೂವರು ಬಂದು ರೆಕಾರ್ಡ್ ಮಾಡಿದರು. ಮುಖ್ಯ ದನಿ ಸಾರಾ ಅವರದ್ದು. ಗಿಟಾರ್ ಮೇಬೆಲ್ ಅವರದ್ದು, ಆಗ ಅವರು ಹದಿನೆಂಟರ ತುಂಬು ಬಸುರಿ. ಹೆಬ್ಬೆರಳಲ್ಲಿ ದಪ್ಪ ತಂತಿಯ ಮೇಲೆ ಧಾಟಿ ನುಡಿಸಿ ಉಳಿದ ಬೆರಳಲ್ಲಿ ತಾಳ ಹಾಕುವ ಅವರ ರೀತಿಯನ್ನು ಇವತ್ತು ಕಂಟ್ರಿ ಗಿಟಾರ್ ಕಲಿಯುವವರೆಲ್ಲಾ ಕಲಿಯುತ್ತಾರೆ. ರೆಕಾರ್ಡಿನ ಮೇಲೆ ಹಾಡು ಕಟ್ಟಿದವರ ಜಾಗದಲ್ಲಿ ಮಾತ್ರ ಹೆಚ್ಚಾಗಿ ಸಾರಾ ಅವರ ಗಂಡ ಎ.ಪಿ. ಕಾರ್ಟರ್ ಹೆಸರು.

ಫ್ಲಾರೆನ್ಸ್ ರೀಸ್ ಹೆಸರನ್ನೂ ನೋಟ್‌ಬುಕ್ಕಿಗೆ ಸೇರಿಸಿಕೊಳ್ಳಿ. 1931ರಲ್ಲಿ ಕೆಂಟಕಿಯ ಹಾರ್ಲನ್ ಕೌಂಟಿಯಲ್ಲಿ ಗಣಿ ಮುಷ್ಕರ. ಸಂಘಟನೆ ಮಾಡುತ್ತಿದ್ದ ಗಂಡನನ್ನು ಹುಡುಕಿಕೊಂಡು ಅಲ್ಲಿನ ಪೊಲೀಸ್ ಮುಖ್ಯಸ್ಥ ಶೆರಿಫ್‌ನ ಕಡೆಯವರು ಮನೆಗೆ ನುಗ್ಗಿದರು. ಅವರು ಹೋದಮೇಲೆ ಈ ತಾಯಿ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಮೇಲೆ ‘ವಿಚ್ ಸೈಡ್ ಆರ್ ಯೂ ಆನ್’ ಬರೆದರು. ನೀನು ಯಾರ ಕಡೆ ಅಂತ ಕೇಳುವ ಆ ಹಾಡು ಲೋಕದ ಎಷ್ಟೋ ಮುಷ್ಕರಗಳಲ್ಲಿ ಕೇಳಿಬಂದಿದೆ, ಜಾಸ್ತಿ ಜನಕ್ಕೆ ಗೊತ್ತಿರುವುದು ಪೀಟ್ ಸೀಗರ್ ದನಿಯಲ್ಲಿ.

4. ವಾದ್ಯವಿಲ್ಲದ ಹಾಡಿಗೆ ತಯಾರಾಗಿ

ಇದು ಸ್ವಲ್ಪ ಕಷ್ಟದ ಹೆಜ್ಜೆ. ಅಲ್ಮೀಡಾ ರಿಡಲ್, ಅರ್ಕಾನ್ಸಾದವರು, 1898ರಲ್ಲಿ ಹುಟ್ಟಿದವರು. ಕಥನ ಹಾಡುಗಳು, ನಮ್ಮ ಲಾವಣಿಯ ಥರ, ಪಕ್ಕವಾದ್ಯ ಇಲ್ಲದೆ ಹಾಡುತ್ತಿದ್ದರು. 1926ರ ಸುಂಟರಗಾಳಿಯಲ್ಲಿ ಗಂಡ ಮತ್ತು ಒಂದು ಮಗು ಹೋದವು. ಹಾಡು ಉಳಿಯಿತು. 1959ರಲ್ಲಿ ಜನಪದ ಹಾಡುಗಳ ಸಂಗ್ರಹಕಾರ ಅಲನ್ ಲೋಮ್ಯಾಕ್ಸ್ ದಕ್ಷಿಣದ ರಾಜ್ಯಗಳನ್ನು ಸುತ್ತುತ್ತಾ ಇವರನ್ನು ರೆಕಾರ್ಡ್ ಮಾಡಿದರು, ಜೊತೆಯಲ್ಲಿ ಇಂಗ್ಲೆಂಡಿನ ಗಾಯಕಿ ಶರ್ಲಿ ಕಾಲಿನ್ಸ್ ಇದ್ದರು. ಲೋಮ್ಯಾಕ್ಸ್ ಸಂಗ್ರಹ ಆನ್‌ಲೈನಿನಲ್ಲಿ ದುಡ್ಡಿಲ್ಲದೆ ಕೇಳೋಕೆ ಸಿಗುತ್ತದೆ. ಮೊದಲು ಕಥೆ ಓದಿಕೊಂಡು ಆಮೇಲೆ ಕೇಳಿ, ಇಲ್ಲದಿದ್ದರೆ ಹತ್ತನೇ ಸಾಲಿಗೆ ದಾರಿ ತಪ್ಪುತ್ತದೆ. ದಿನಕ್ಕೆ ಒಂದೇ ಹಾಡು ಸಾಕು.

5. ಕಂಟ್ರಿಗೆ ಬಂದಾಗ ಆ್ಯಪ್ ಹೇಳಿದ ಹಾಗೆ ಕೇಳಬೇಡಿ

2015ರಲ್ಲಿ ಅಮೆರಿಕದ ಒಬ್ಬ ರೇಡಿಯೊ ಸಲಹೆಗಾರ ಕಂಟ್ರಿ ಸ್ಟೇಷನ್‌ಗಳಿಗೆ ಕೊಟ್ಟ ಸಲಹೆ ಏನು ಗೊತ್ತಾ? ಗಾಯಕಿಯರ ಹಾಡನ್ನು ಒಂದರ ಹಿಂದೆ ಒಂದು ಹಾಕಬೇಡಿ, ಗಂಡಸರು ಸಲಾಡಿನ ಸೊಪ್ಪಿದ್ದ ಹಾಗೆ, ಹೆಂಗಸರು ಅದರಲ್ಲಿರುವ ಟೊಮೆಟೊ. ಗಾಯಕಿಯರು ಸಿಟ್ಟಾದರು, ಆಗಲೇಬೇಕಿತ್ತು. ರೇಡಿಯೊದಲ್ಲಿ ಕಡಿಮೆ ಬಂದದ್ದು ಕಡಿಮೆ ಮಾರಾಟವಾಗುತ್ತದೆ, ಕಡಿಮೆ ಮಾರಾಟವಾದದ್ದನ್ನು ಆ್ಯಪ್ ಕಡಿಮೆ ತೋರಿಸುತ್ತದೆ. ಒಬ್ಬ ಗಾಯಕಿಯ ಹಾಡು ಮುಗಿದಮೇಲೆ ತಾನಾಗಿ ಬರುವ ಮುಂದಿನ ನಾಲ್ಕು ಹಾಡು ಗಮನಿಸಿ, ನನಗಂತೂ ಬಹಳ ಸಲ ಎರಡನೇ ಹಾಡಿಗೇ ಗಂಡು ದನಿ ಬಂದಿದೆ.

ಅದಕ್ಕೆ ಆಟೊಪ್ಲೇ ಆಫ್ ಮಾಡಿ, ನಿಮ್ಮದೇ ಪ್ಲೇಲಿಸ್ಟ್ ಮಾಡಿ. ಕಿಟ್ಟಿ ವೆಲ್ಸ್ ಇರಲಿ. 1952ರ ಅವರ ಹಾಡು, ಕೆಟ್ಟ ದಾರಿ ಹಿಡಿದ ಹೆಣ್ಣಿನ ಹಿಂದೆ ಮೋಸ ಮಾಡಿದ ಗಂಡಸೂ ಇರುತ್ತಾನೆ ಅಂತ ನೇರವಾಗಿ ಹೇಳಿದ್ದು, ಜನಪ್ರಿಯ ಹಾಡುಗಳನ್ನು ಲೆಕ್ಕ ಹಾಕುವ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ ಒಬ್ಬ ಹೆಣ್ಣು ಒಂಟಿಯಾಗಿ ಹಾಡಿ ಮೊದಲ ಸ್ಥಾನಕ್ಕೆ ಬಂದ ಮೊದಲ ಹಾಡು. ಎನ್‌ಬಿಸಿ ರೇಡಿಯೊ ಅದನ್ನು ಹಾಕೋಕೆ ಒಪ್ಪಿರಲಿಲ್ಲ.

ಲಿಂಡಾ ಮಾರ್ಟೆಲ್ ಖಂಡಿತ ಇರಲಿ. ಸೌತ್ ಕ್ಯಾರೊಲಿನಾದವರು. ನ್ಯಾಶ್‌ವಿಲ್ಲಿನ ಗ್ರ್ಯಾಂಡ್ ಓಲ್ ಆಪ್ರಿ ಕಂಟ್ರಿ ಸಂಗೀತದ ದೊಡ್ಡ ವೇದಿಕೆ. 1969ರಲ್ಲಿ ಅಲ್ಲಿ ಒಂಟಿಯಾಗಿ ಹಾಡಿದ ಮೊದಲ ಕಪ್ಪು ಮಹಿಳೆ ಇವರು. 1970ರಲ್ಲಿ ಬಂದ ‘ಕಲರ್ ಮೀ ಕಂಟ್ರಿ’ ಅವರ ಒಂದೇ ಒಂದು ಆಲ್ಬಮ್. ಕಂಪನಿಯ ಹೆಸರು ‘ಪ್ಲಾಂಟೇಶನ್’, ಅಂದರೆ ಅವರ ಹಿರಿಯರನ್ನು ಗುಲಾಮರಾಗಿ ದುಡಿಸಿದ ತೋಟಗಳ ಹೆಸರು. ಆ ಹೆಸರು ಬೇಡ ಅಂತ ಅವರು ಹೇಳಿಯೂ ನೋಡಿದ್ದರು. ಸಭೆಯಲ್ಲಿ ಜನ ಬೈದದ್ದೂ ಇದೆ. ಆಮೇಲೆ ಊರಿಗೆ ಮರಳಿ ಸ್ಕೂಲ್ ಬಸ್ ಓಡಿಸಿದರು. 2024ರಲ್ಲಿ ಬಿಯಾನ್ಸೆ ತಮ್ಮ ಕಂಟ್ರಿ ಆಲ್ಬಮ್ಮಿನಲ್ಲಿ ಅವರ ದನಿ ತಂದಾಗ ಲೋಕ ಮತ್ತೆ ಹುಡುಕಿತು. ಆ ಆಲ್ಬಮ್ ಪೂರ್ತಿ ಕೇಳಿ, ಅರ್ಧ ಗಂಟೆ ಸಾಕು. ಯೋಡೆಲ್ ಅಂತ, ದನಿಯನ್ನು ಮೇಲೆ ಕೆಳಗೆ ಜಿಗಿಸುವ ರೀತಿ ಇದೆ, ಅದನ್ನು ಇವರು ಎಷ್ಟು ಸಲೀಸಾಗಿ ಮಾಡುತ್ತಾರೆ ಕೇಳಿ.

6. ದುಃಖದ ಕಥೆ ಹಾಡನ್ನು ನುಂಗದಿರಲಿ

ಇಲ್ಲಿ ಇಬ್ಬರಿದ್ದಾರೆ, ಇಬ್ಬರ ಬಗ್ಗೆಯೂ ಇಂಟರ್ನೆಟ್ಟಿನಲ್ಲಿ ಮೊದಲು ಸಿಗುವುದು ಅವರ ಕಷ್ಟದ ಕಥೆ. ಕ್ಯಾರೆನ್ ಡಾಲ್ಟನ್ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಹಾಡುತ್ತಿದ್ದರು. 1969ರಲ್ಲಿ ಒಂದು, 1971ರಲ್ಲಿ ಒಂದು, ಬದುಕಿದ್ದಾಗ ಬಂದದ್ದು ಎರಡೇ ಆಲ್ಬಮ್. ಎರಡರಲ್ಲೂ ಬೇರೆಯವರ ಹಾಡುಗಳು ಮತ್ತು ಹಳೆಯ ಜನಪದ ಹಾಡುಗಳು. ಸ್ವಂತ ಹಾಡಿಲ್ಲ ಅಂತ ಅವರನ್ನು ಕಡೆಗಣಿಸಿದವರಿದ್ದಾರೆ, ನನಗೆ ಅದು ಒಪ್ಪಿಗೆ ಇಲ್ಲ. ಬ್ಯಾಂಜೊ ಹಿಡಿದು ಹಾಡಿದ ‘ಕೇಟಿ ಕ್ರೂಯೆಲ್’ ಕೇಳಿ. ಒಡೆದ ದನಿ, ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ಬರುತ್ತದೆ. ನೂರಾರು ವರ್ಷದ ಹಾಡು ಅವರ ಹಿತ್ತಲಲ್ಲೇ ಹುಟ್ಟಿದ ಹಾಗಿದೆ.

ಕಾನಿ ಕಾನ್ವರ್ಸ್ 1950ರ ದಶಕದಲ್ಲೇ ತಾನೇ ಬರೆದು, ತಾನೇ ಗಿಟಾರ್ ನುಡಿಸಿ ಹಾಡುತ್ತಿದ್ದರು. 1954ರಲ್ಲಿ ಕಾರ್ಟೂನ್ ಚಿತ್ರಗಳನ್ನು ಮಾಡುತ್ತಿದ್ದ ಜೀನ್ ಡೈಚ್ ತಮ್ಮ ಮನೆಯಲ್ಲಿ ಟೇಪ್ ಮಾಡಿಕೊಂಡರು. ಯಾವ ಕಂಪನಿಯೂ ಆಲ್ಬಮ್ ತರಲಿಲ್ಲ. 1974ರಲ್ಲಿ, ಐವತ್ತರ ವಯಸ್ಸಿನಲ್ಲಿ, ಮನೆಯವರಿಗೆ ಪತ್ರ ಬರೆದಿಟ್ಟು ಕಾರಿನಲ್ಲಿ ಹೊರಟವರು ಮತ್ತೆ ಸಿಗಲಿಲ್ಲ. 2004ರಲ್ಲಿ ಡೈಚ್ ಆ ಟೇಪನ್ನು ನ್ಯೂಯಾರ್ಕಿನ ಒಂದು ರೇಡಿಯೊದಲ್ಲಿ ಕೇಳಿಸಿದರು, 2009ರಲ್ಲಿ ಆಲ್ಬಮ್ ಬಂತು. ‘ಮಾಯವಾದ ಗಾಯಕಿ’ ಅನ್ನುವ ವಿಡಿಯೊಗಳನ್ನು ಬಿಟ್ಟು ನೇರ ಹಾಡಿಗೆ ಹೋಗಿ. ಎಷ್ಟು ಚುರುಕು, ಎಷ್ಟು ತುಂಟತನ ಅದರಲ್ಲಿದೆ. ಅವರನ್ನು ಬರೀ ದುಃಖದ ಗೊಂಬೆ ಮಾಡುವುದು ದೊಡ್ಡ ಅನ್ಯಾಯ.

7. ಬದುಕಿರುವವರಿಗೆ ದುಡ್ಡು ಕೊಟ್ಟು ಕೇಳಿ

ಐರಿಸ್ ಡಿಮೆಂಟ್ ಅವರ 1992ರ ಮೊದಲ ಆಲ್ಬಮ್ಮಿನಿಂದ ಶುರು ಮಾಡಿ, ಅದರಲ್ಲಿ ಅವರ ತಾಯಿಯೂ ಹಾಡಿದ್ದಾರೆ. ರಿಯಾನನ್ ಗಿಡನ್ಸ್ ನಾರ್ತ್ ಕ್ಯಾರೊಲಿನಾದವರೇ. ಬ್ಯಾಂಜೊ ಆಫ್ರಿಕಾದ ಬೇರಿನ ವಾದ್ಯ ಅನ್ನುವುದನ್ನು ಈ ಕಾಲದ ಕಿವಿಗೆ ಮುಟ್ಟಿಸಿದವರಲ್ಲಿ ಮುಖ್ಯರು. ಇಷ್ಟವಾದರೆ ಬ್ಯಾಂಡ್‌ಕ್ಯಾಂಪ್ ಥರದ ವೆಬ್‌ಸೈಟಿನಲ್ಲಿ ಕೊಂಡುಕೊಳ್ಳಿ, ಸ್ಟ್ರೀಮಿಂಗಿಗಿಂತ ಕಲಾವಿದರಿಗೆ ಅದರಲ್ಲಿ ಹೆಚ್ಚು ಸಿಗುತ್ತದೆ.

ಕೊನೆಗೆ ಒಂದು ಕೆಲಸ. ಮುಂದಿನ ಸಲ ಬೆಂಕಿ ಮುಂದೆ ಯಾರಾದರೂ ‘ಕಂಟ್ರಿ ರೋಡ್ಸ್’ ಹಾಡಿದರೆ ನೀವೂ ದನಿಗೂಡಿಸಿ, ಒಳ್ಳೆಯ ಹಾಡೇ ಅದು. ಮುಗಿದಮೇಲೆ ಟ್ಯಾಫಿ ನಿವರ್ಟ್ ಹೆಸರು ಹೇಳಿ. ಆಮೇಲೆ ಫೋನ್ ತೆಗೆದು ಹೇಜಲ್ ಡಿಕನ್ಸ್ ಅವರ ‘ವೆಸ್ಟ್ ವರ್ಜೀನಿಯಾ ಮೈ ಹೋಮ್’ ಹಾಕಿ. ಅದೇ ಬೆಟ್ಟಗಳು, ಅದೇ ಊರಿನ ನೆನಪು, ಆದರೆ ಇದನ್ನು ಬರೆದವರು ಅಲ್ಲೇ ಹುಟ್ಟಿ, ಹೊಟ್ಟೆಪಾಡಿಗೆ ಊರು ಬಿಟ್ಟವರು. ಹಾಡು ಶುರುವಾಗುವ ಮೊದಲು ಅವರ ಹೆಸರನ್ನೂ ಹೇಳಿ.